ಅಡಾಪ್ಟರ್ ಶುರುವಾಗದ ಬೆಳಗುಗಳು

ರಾಜ್ಯಗಳು ಹೇಗೆ ಬಿದ್ದವು, ಹಡಗುಗಳು ಹೇಗೆ ಮುಳುಗಿದವು ಎಂಬುದಕ್ಕೆ ದಪ್ಪ ದಪ್ಪ ಗ್ರಂಥಗಳಿವೆ. ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿದ್ದ ಕಂಪ್ಯೂಟರಿನ ನೆಟ್‌ವರ್ಕ್ ಅಡಾಪ್ಟರ್ ಯಾಕೆ ಶುರುವಾಗಲಿಲ್ಲ ಎಂಬುದಕ್ಕೆ ಇವತ್ತಿನವರೆಗೆ ಒಂದು ಪುಟವೂ ಇಲ್ಲ. ಇತಿಹಾಸ ಬರೆಯುವವರ ಈ ಉದಾಸೀನ ಕ್ಷಮಿಸುವಂಥದ್ದಲ್ಲ. ಅಡಾಪ್ಟರ್ ಎಂದರೆ ಅಂಗೈಯಲ್ಲಿ ಹಿಡಿಸುವ ಹಸಿರು ಹಲಗೆ. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು, ಗೋಡೆಯಿಂದ ಬಂದ ತಂತಿಯನ್ನು ಹಿಡಿದುಕೊಂಡು, ಹೊರಗಿನ ಲೋಕದ ಜೊತೆ ಮಾತಾಡಿಸುವುದು ಅದರ ಕೆಲಸ. ಅಷ್ಟು ಸಣ್ಣ ಹಲಗೆ ಮುನಿಸಿಕೊಂಡರೆ ಏನು ಮಹಾ ಆದೀತು ಅಂತ ಯಾರಾದರೂ ಕೇಳಬಹುದು. ಕೇಳಲಿ.

ಅಂಗಡಿಯಲ್ಲೂ ಅದಕ್ಕೆ ಹೊಂದಿಕೊಂಡ ಮನೆಯಲ್ಲೂ ಇದ್ದವರು ಮೂವರು. ಮುಂದಿನ ಗಾಜಿನ ಮೇಜಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕೂತು, ಬಂದವರನ್ನು ಮೊದಲು ಬರಿಗಣ್ಣಿನಲ್ಲಿ, ಆಮೇಲೆ ಕನ್ನಡಕದ ಮೇಲಿಂದ, ಕೊನೆಗೆ ಕನ್ನಡಕದೊಳಗಿಂದ ನೋಡಿ ಅಳೆಯುವವರು ಅತ್ತೆ. ನಡುವಿನ ಕತ್ತಲೆ ಕೋಣೆಯಲ್ಲಿ ಅಕ್ಷರದ ಹಲಗೆ ತೋರಿಸಿ ಕಣ್ಣು ಪರೀಕ್ಷೆ ಮಾಡುವವನು ಅವರ ಮಗ. ಅವನು ವೈದ್ಯನಲ್ಲ, ಹಾಗಂತ ಎಂದೂ ಹೇಳಿಕೊಂಡವನೂ ಅಲ್ಲ; ಆದರೆ ಜನ "ಡಾಕ್ಟ್ರೇ" ಅಂದಾಗ ತಿದ್ದಿದವನೂ ಅಲ್ಲ. ಆದ್ದರಿಂದ ನಾವೂ ಅವರನ್ನು ಡಾಕ್ಟ್ರು ಎಂದೇ ಕರೆಯೋಣ, ಬಹುವಚನವನ್ನೂ ಕೊಡೋಣ. ಹಿಂಬದಿಯ ಕೋಣೆಯಲ್ಲಿ ಗಾಜುಗಳನ್ನು ಉಜ್ಜುವ ಯಂತ್ರದ ಮುಂದೆ ಕೂತು, ಚೌಕಟ್ಟಿನ ಆಕಾರಕ್ಕೆ ಅಂಚು ಸವೆಸಿ ಕೂರಿಸುವವಳು ಡಾಕ್ಟ್ರ ಹೆಂಡತಿ. ಗಿರಾಕಿಗಳಿಗೆಲ್ಲ ಅವಳು ಅಕ್ಕ. ತಾತಂದಿರಿಗೂ ಅಕ್ಕ.

ಈ ಅಕ್ಕನಿಗೆ ಒಂದು ವಿಚಿತ್ರ ಗುಣವಿತ್ತು. ಒಬ್ಬರು ಬಾಗಿಲಿಂದ ಮೇಜಿನವರೆಗೆ ನಡೆದು ಬರುವಷ್ಟರಲ್ಲಿ ಅವರು ಕತ್ತು ಎಷ್ಟು ವಾಲಿಸುತ್ತಾರೆ, ಯಾವ ಕಣ್ಣನ್ನು ಕಿರಿದು ಮಾಡುತ್ತಾರೆ ಎಂಬುದು ಅವಳಿಗೆ ಕಂಡುಬಿಡುತ್ತಿತ್ತು. "ನಿಮ್ಮ ಹಳೇ ಕನ್ನಡಕ ಎಡಗಡೆ ಇಳಿದಿದೆ, ನಂಬರಿನ ತೊಂದರೆ ಅಲ್ಲ" ಅಂತ ಮೂಗಿನ ತುಂಡನ್ನು ಬಗ್ಗಿಸಿ ಕೊಟ್ಟು ಕಳಿಸಿಬಿಡುತ್ತಿದ್ದಳು. ಇದರಿಂದ ಒಂದು ಕನ್ನಡಕದ ವ್ಯಾಪಾರ ಹೋಗುತ್ತಿತ್ತು, ಮುಂದಿನ ಸಲ ಅವರ ಇಡೀ ಮನೆಯವರು ಬರುತ್ತಿದ್ದರು. ಬಂದವರು ಬಾಗಿಲಲ್ಲೇ ಕೇಳುತ್ತಿದ್ದದ್ದು, "ಅಕ್ಕ ಇದ್ದಾರಾ?"

ಒಂದು ಸಂಸ್ಥೆ ಮನೆಯಲ್ಲೇ ಕೂತು ಕಂಪ್ಯೂಟರಿನ ಮೂಲಕ ಓದುವವರಿಗೆ ದೃಷ್ಟಿ ಪರೀಕ್ಷೆಯ ತರಬೇತಿ ಶುರು ಮಾಡಿದಾಗ ಅವಳನ್ನು ಸೇರಿಸಿದವರು ಡಾಕ್ಟ್ರೇ. ಅರ್ಜಿ ಹಾಕಿದವರು ಅವರು, ಫೋಟೋ ತೆಗೆಸಿದವರು ಅವರು. ಒಂದು ತಿಂಗಳು ಪೂರ್ತಿ, ಕತ್ತಲೆ ಕೋಣೆಗೆ ಬಂದ ಪ್ರತಿ ಗಿರಾಕಿಯ ಗದ್ದವನ್ನು ಪರೀಕ್ಷೆಯ ಯಂತ್ರದ ಆಸರೆಯ ಮೇಲೆ ಇಡಿಸಿ, ಬಾಯಿ ಬಿಡದ ಹಾಗೆ ಮಾಡಿ, "ನಮ್ಮನೆಯವಳು ಓದ್ತಿದಾಳೆ. ನಾನೇ ಸೇರಿಸಿದೆ. ಹೆಂಗಸರು ಮುಂದೆ ಬರಬೇಕು ನೋಡಿ" ಅಂತ ಹೇಳಿದರು. ಗದ್ದ ಕಟ್ಟಿಹಾಕಿದ್ದರಿಂದ ಯಾರೂ ಎದುರು ಮಾತಾಡಲಿಲ್ಲ.

ಎದುರು ಮಾತಾಡಿದವರು ಅತ್ತೆ ಮಾತ್ರ. ಅವರ ಪ್ರಕಾರ ಬೆಳಿಗ್ಗೆ ಬೆಳಿಗ್ಗೆ ಪಾಠಕ್ಕೆ ಕೂರುವ ಸೊಸೆ, ಮಧ್ಯಾಹ್ನ ಮಲಗುವ ಕಾವಲುಗಾರ, ಇಬ್ಬರೂ ಒಂದೇ.

"ನಾನು ಬೇಡ ಅಂತೀನಿ. ಮುಖಕ್ಕೇ ಹೇಳ್ತೀನಿ, ಬೆನ್ನ ಹಿಂದೆ ಹೇಳೋಳಲ್ಲ ನಾನು. ಮಾಡು, ಬಿಡು, ಅದು ನಿನ್ನಿಷ್ಟ."

"ಮಾಡ್ತೀನಿ ಅತ್ತೆ."

"ಮಾಡು. ಆದ್ರೆ ನಾನು ಬೇಡ ಅಂದಿದ್ದು ನೆನಪಿರ್ಲಿ."

ವಾರದಲ್ಲಿ ಕೆಲವು ದಿನ, ಅಂಗಡಿ ತೆರೆಯುವ ಮುಂಚೆ, ಒಂದು ಗಂಟೆಯ ಪಾಠ. ಸಂಸ್ಥೆಯವರು ಬಹಳ ಬಿಗಿ. ಅಡಾಪ್ಟರ್ ಪ್ರತಿಯೊಂದಕ್ಕೂ ಹುಟ್ಟುವಾಗಲೇ ಅಂಟಿದ ಒಂದು ಸಂಖ್ಯೆ ಇರುತ್ತದಂತೆ. ಆ ಸಂಖ್ಯೆ ನೋಡಿಯೇ ಅವರು ವಿದ್ಯಾರ್ಥಿಯನ್ನು ಒಳಗೆ ಬಿಡುತ್ತಿದ್ದರು. ಒಬ್ಬರ ಬದಲು ಇನ್ನೊಬ್ಬರು ಕೂರಬಾರದು ಅನ್ನುವುದಕ್ಕೆ ಈ ಏರ್ಪಾಟು. ಹಾಗಾಗಿ ಫೋನಿನಲ್ಲಿ ಆಗದು, ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಆಗದು, ಬೇರೆ ಅಡಾಪ್ಟರ್ ಹಾಕಿದರೂ ಆಗದು. ಆ ಹಿಂಬದಿ ಕೋಣೆ, ಆ ಕಂಪ್ಯೂಟರು, ಆ ಹಸಿರು ಹಲಗೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮನೆಯಲ್ಲಿ ಕೂತು ಓದುವವರ ತಂಡಗಳಲ್ಲಿ ಇದೇ ಕೊನೆಯದು. ಮುಂದಿನ ವರ್ಷದಿಂದ ಓದಬೇಕಾದವರು ಸಂಸ್ಥೆಯಿದ್ದ ಊರಿಗೆ ಹೋಗಿ, ಅಲ್ಲೇ ಉಳಿದು ಓದಬೇಕು. ಅಂಗಡಿ, ಅತ್ತೆ, ಗಂಡ, ಗಾಜಿನ ಯಂತ್ರ ಎಲ್ಲವನ್ನೂ ಹೆಗಲ ಮೇಲೆ ಹೊತ್ತವಳಿಗೆ ಅದು ಆಗುವ ಮಾತಲ್ಲ.

ಮೊದಲ ಸಲ ಅಡಾಪ್ಟರ್ ಕೈಕೊಟ್ಟದ್ದು ಒಂದು ಸಾಧಾರಣ ಬೆಳಿಗ್ಗೆ. ಕಂಪ್ಯೂಟರ್ ಎದ್ದಿತು, ಬಣ್ಣ ತೋರಿಸಿತು, ಆಮೇಲೆ ಮೂಲೆಯಲ್ಲಿ ಹಳದಿ ಗುರುತು ಹಾಕಿ "ಈ ಸಾಧನ ಆರಂಭವಾಗಲಾರದು, ಕೋಡ್ ಹತ್ತು" ಅಂತ ಬರೆದು ಸುಮ್ಮನಾಯಿತು. ಆಗ ರಿಪೇರಿಯವನನ್ನು ಕರೆಸಿದರು. ಅವನನ್ನು ಏನು ಕೇಳಿದರೂ ಮೊದಲು ಹೇಳುವುದು "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಅಂತ. ಬೀದಿಯಲ್ಲಿ ಅವನ ಹೆಸರೇ ರೀಸ್ಟಾರ್ಟ್ ಎಂದಾಗಿತ್ತು. ಅವನ ಮದುವೆ ಒಂದು ಸಲ ಮುರಿದು ಇನ್ನೊಂದು ಸಲ ಆದಮೇಲೆ ಆ ಹೆಸರು ಇನ್ನಷ್ಟು ಗಟ್ಟಿಯಾಯಿತು.

"ಡ್ರೈವರ್ ಕೆಟ್ಟಿದೆ ಅಕ್ಕ" ಅಂದ ರೀಸ್ಟಾರ್ಟ್.

"ಕುಡಿದಿದ್ನಾ?" ಅಂತ ಅತ್ತೆ ಮುಂದಿನ ಕೋಣೆಯಿಂದ ಕೇಳಿದರು.

"ಆ ಡ್ರೈವರ್ ಅಲ್ಲ ಅಮ್ಮ. ಇದು ಒಳಗಡೆ ಇರೋ ಪ್ರೋಗ್ರಾಮು. ಅಡಾಪ್ಟರಿಗೂ ಕಂಪ್ಯೂಟರಿಗೂ ಮಧ್ಯ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸ್ತದೆ. ಒಂದೊಂದು ಅಡಾಪ್ಟರಿಗೆ ಒಂದೊಂದು. ತಪ್ಪಿದ್ದು ಕೂತ್ರೆ ಇಬ್ಬರೂ ಮೂಕರಾಗಿಬಿಡ್ತಾರೆ."

"ಸಂಬಂಧ ನೋಡೋ ದಲ್ಲಾಳಿ ಅನ್ನು."

"ಹೂಂ, ಹಾಗೇ. ಈ ಪಟ್ಟೀಲಿ ನೋಡಿ, ಎಲ್ಲಾ ಒಂದೇ ಥರ ಹೆಸರು. ನಿಮ್ಮದಕ್ಕೆ ಸರಿಹೋಗೋದು ಇದು."

ಡಾಕ್ಟ್ರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ನೋಡುವ ಮೊದಲು ಜೇಬಿನಿಂದ ಹಳದಿ ಬಟ್ಟೆ ತೆಗೆದು ಪರದೆಯನ್ನು ಒರೆಸಿದರು. ಅದು ಅವರ ಚಾಳಿ. ಯಾವ ಗಾಜಿನೊಳಗೆ ನೋಡಬೇಕಾದರೂ ಮೊದಲು ಒರೆಸಬೇಕು: ಮಸೂರ, ಕನ್ನಡಿ, ಬಸ್ಸಿನ ಕಿಟಕಿ, ಒಮ್ಮೆ ಆಸ್ಪತ್ರೆಯ ನರ್ಸು ಮಗುವನ್ನು ತೋರಿಸಿದ ಬಾಗಿಲಿನ ಗಾಜನ್ನೂ. ಮಗು ಪಕ್ಕದ ಮನೆಯವರದಾಗಿತ್ತು.

ಆ ದಿನದ ಪಾಠ ತಪ್ಪಿತು. ಮುಂದಿನ ವಾರ ಇನ್ನೊಂದು ತಪ್ಪಿತು. ಆಮೇಲೆ ಬಿಟ್ಟೂ ಬಿಟ್ಟೂ ತಪ್ಪತೊಡಗಿತು. ಅದೇ ಹಳದಿ ಗುರುತು, ಅದೇ ಕೋಡ್ ಹತ್ತು. ರೀಸ್ಟಾರ್ಟನಿಗೆ ಫೋನು ಮಾಡೋಣ ಅಂದರೆ ಡಾಕ್ಟ್ರು ಕೈ ಅಡ್ಡ ಹಿಡಿಯುತ್ತಿದ್ದರು. "ಅವನು ಬರೋ ಹೊತ್ತಿಗೆ ಪಾಠ ಮುಗಿದಿರ್ತದೆ. ನಾನಿಲ್ವಾ?" ಎಂದು ಅಂಗಿಯ ತೋಳು ಮಡಚಿ, ಟಾರ್ಚು ಹಿಡಿದು, ಟೇಬಲ್ಲಿನ ಕೆಳಗೆ ನುಗ್ಗುತ್ತಿದ್ದರು.

ಕಣ್ಣು ಪರೀಕ್ಷೆ ಮಾಡುವವರ ಕ್ರಮವೇ ಕ್ರಮ. ಒಂದು ಗಾಜು ಹಾಕು, ಕೇಳು. ತೆಗೆದು ಇನ್ನೊಂದು ಹಾಕು, ಕೇಳು. ಡಾಕ್ಟ್ರು ಕಂಪ್ಯೂಟರಿಗೂ ಅದನ್ನೇ ಮಾಡಿದರು.

"ತಂತಿ ಬಿಚ್ಚಿ ಹಾಕಿದೀನಿ. ಈಗ?"

"ಹಾಗೇ ಇದೆ."

"ಬೇರೆ ತಂತಿ. ಈಗ? ಮೊದಲಿನದು ಚೆನ್ನಾಗಿತ್ತಾ, ಇದು ಚೆನ್ನಾಗಿದೆಯಾ?"

"ರೀ, ಇದೇನು ಕನ್ನಡಕಾನಾ? ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಅವಸರ ಮಾಡ್ಬೇಡ. ಅವಸರ ಮಾಡಿದ ರೋಗಿ ತಪ್ಪು ನಂಬರ್ ತಗೊಂಡು ಹೋಗ್ತಾನೆ."

ತಂತಿಯಾದ ಮೇಲೆ ಗೋಡೆಯ ಸಾಕೆಟ್ಟು, ಸಾಕೆಟ್ಟಿನ ನಂತರ ದೀಪ ಮಿಣುಕುವ ಪೆಟ್ಟಿಗೆ, ಪೆಟ್ಟಿಗೆಯ ನಂತರ ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಅಡಾಪ್ಟರನ್ನೇ ಹೊರಗೆ ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಹಳದಿ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸುವುದು. ಎಲ್ಲ ಮುಗಿದ ಮೇಲೆ ಕೊನೆಯದಾಗಿ ಡ್ರೈವರುಗಳ ಪಟ್ಟಿ ತೆರೆದು ಏನೋ ಮಾಡಿ, ರೀಸ್ಟಾರ್ಟ್ ಮಾಡಿದರೆ, ಇಗೋ, ಅಡಾಪ್ಟರ್ ಎದ್ದು ಕೂತಿತು! ಅಷ್ಟು ಹೊತ್ತಿಗೆ ಪಾಠ ಮುಗಿದು ಸ್ವಲ್ಪ ಹೊತ್ತಾಗಿರುತ್ತಿತ್ತು. "ಅಯ್ಯೋ, ಇನ್ನೊಂದು ಚೂರು ಬೇಗ ಹೊಳೆದಿದ್ರೆ..." ಎಂದು ಡಾಕ್ಟ್ರು ತಲೆ ಕೊಡವುತ್ತಿದ್ದರು. ಕೂದಲಿನಿಂದ ಗಾಜಿನ ಬಿಳಿ ಪುಡಿ ಉದುರುತ್ತಿತ್ತು.

ಟೇಬಲ್ಲಿನ ಕೆಳಗಿಂದ ಹೊರಗೆ ಚಾಚಿಕೊಂಡಿದ್ದ ಗಂಡನ ಅಂಗಾಲು ನೋಡಿ ಅಕ್ಕನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಪಾಠ ಹೋದ ಸಂಕಟಕ್ಕಿಂತ ಆ ಅಂಗಾಲೇ ಹೆಚ್ಚು ನೋಯಿಸುತ್ತಿತ್ತು. ಟಾರ್ಚನ್ನು ಅವಳೇ ಹಿಡಿಯುತ್ತಿದ್ದಳು. ಚಹಾ ತಂದು ಕೆಳಗೇ ಬಗ್ಗಿ ಕೊಡುತ್ತಿದ್ದಳು. ಒಂದು ದಿನ ತಂಗಿಗೆ ಫೋನಿನಲ್ಲಿ ಹೇಳಿದಳು: "ಪಾಠ ಹೋದ್ರೆ ಹೋಗ್ಲಿ ಬಿಡೇ. ನನಗೋಸ್ಕರ ಧೂಳಲ್ಲಿ ಹೊರಳಾಡೋ ಗಂಡ ಸಿಕ್ಕಿದಾನಲ್ಲ."

"ನಮ್ಮ ಮನೆಯವರು ಬಲ್ಬ್ ಹಾಕೋಕೂ ಏಳಲ್ಲ" ಅಂತ ತಂಗಿ ನಿಟ್ಟುಸಿರುಬಿಟ್ಟಳು.

ಅನುಮಾನ ಯಾರ ಮೇಲಾದರೂ ಬರಬೇಕೆಂದರೆ ಅದು ಅತ್ತೆಯ ಮೇಲೆ. ಅಕ್ಕನಿಗೂ ಬಂತು. ಅಡಾಪ್ಟರ್ ಕೈಕೊಟ್ಟ ದಿನವೆಲ್ಲ ಅತ್ತೆಯ ಮುಖದಲ್ಲಿ ಒಂದು ಕಳೆ. "ಆ ಪೆಟ್ಟಿಗೆಗೆ ಇರೋ ಬುದ್ಧಿ ಈ ಮನೇಲಿ ಯಾರಿಗೂ ಇಲ್ಲ. ಬೆಳಿಗ್ಗೆ ಹೊತ್ತು ಏನು ಮಾಡಬಾರದು ಅಂತ ಅದಕ್ಕೆ ಗೊತ್ತು." ಆದರೆ ಅತ್ತೆಗೆ ಕಂಪ್ಯೂಟರು ಹತ್ತಿಸುವುದೇ ಗೊತ್ತಿರಲಿಲ್ಲ. ಅದರ ಮೌಸ್ ಅಂದರೆ ಇಲಿ ಅಂತ ಅರ್ಥವೆಂದು ತಿಳಿದ ದಿನದಿಂದ ಅದನ್ನು ಮುಟ್ಟಿಯೂ ಇರಲಿಲ್ಲ.

ಸಂಸ್ಥೆಯಿಂದ ಕರೆ ಬಂತು. ಇನ್ನೊಂದು ಪಾಠ ತಪ್ಪಿದರೆ ಪರೀಕ್ಷೆ ಇಲ್ಲ. ಅಕ್ಕ ಆ ರಾತ್ರಿ ನಿದ್ದೆ ಮಾಡಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅವಳು ಚೆನ್ನಾಗಿಯೇ ಮಲಗಿದಳು. ದಿನವಿಡೀ ಯಂತ್ರದ ಮುಂದೆ ಕೂತವಳಿಗೆ ಚಿಂತೆಗಿಂತ ದಣಿವು ದೊಡ್ಡದು. ಬೆಳಿಗ್ಗೆ ಎದ್ದು ಹಿಂಬದಿ ಕೋಣೆಗೆ ಬಂದು, ಕಂಪ್ಯೂಟರಿನ ಮುಂದೆ ಕೂತು, ಗುಂಡಿಯ ಮೇಲೆ ಬೆರಳಿಟ್ಟಳು. ಬೆರಳು ಒತ್ತಲಿಲ್ಲ.

ಕಪ್ಪು ಪರದೆಯಲ್ಲಿ ಅವಳ ಮುಖ ಕಾಣುತ್ತಿತ್ತು.

ಆ ಕೋಣೆಯಲ್ಲಿ ಯಾವ ಗಾಜಿನಲ್ಲೂ ಮುಖ ಕಾಣುವುದಿಲ್ಲ. ಯಂತ್ರ ನೀರು ಚಿಮ್ಮಿಸುತ್ತ ಗಾಜು ಸವೆಸುತ್ತದೆ; ನೀರು ಒಣಗಿ ಬಿಳಿ ಪುಡಿಯಾಗಿ ಎಲ್ಲದರ ಮೇಲೂ ಕೂರುತ್ತದೆ: ಗಡಿಯಾರ, ಕ್ಯಾಲೆಂಡರು, ಅವಳ ರೆಪ್ಪೆ. ಸಂಜೆ ಅವಳು ಕೆಲಸ ಮುಗಿಸುವಾಗ ಪರದೆ ಮಂಜು ಹಿಡಿದ ಹಾಗಿರುತ್ತಿತ್ತು. ಈಗ ಅದು ಕನ್ನಡಿಯ ಹಾಗಿತ್ತು. ಮೇಲಿನ ಎಡಮೂಲೆಯಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬಂದು ನಿಂತ ಒರೆಸುವಿಕೆಯ ಗುರುತು. ಮಸೂರವನ್ನು ಹಾಗೆ ಒರೆಸುವವರು ಈ ಮನೆಯಲ್ಲಿ ಒಬ್ಬರೇ.

ಗುಂಡಿ ಒತ್ತುವ ಮೊದಲೇ ಅವಳಿಗೆ ಗೊತ್ತಾಯಿತು. ಒತ್ತಿದಳು. ಹಳದಿ ಗುರುತು, ಕೋಡ್ ಹತ್ತು.

ಅವಳು ಗಂಡನನ್ನು ಕೂಗಲಿಲ್ಲ. ಡ್ರೈವರುಗಳ ಪಟ್ಟಿ ತೆರೆದಳು. ಅಂದು ರೀಸ್ಟಾರ್ಟ್ ಬೆರಳಿಟ್ಟು ತೋರಿಸಿದ್ದನ್ನು ಅವಳೂ ನೋಡಿದ್ದಳು. ಆದರೆ ಗಂಡ ಇದ್ದಾನೆಂಬ ಧೈರ್ಯಕ್ಕೆ ನೆನಪಿಟ್ಟುಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಒಂದು ಆರಿಸಿದಳು, ಆಗಲಿಲ್ಲ. ಇನ್ನೊಂದು, ಆಗಲಿಲ್ಲ. ಮೂರನೆಯದಕ್ಕೆ ಹಳದಿ ಗುರುತು ಹೋಯಿತು. ಪಾಠಕ್ಕೆ ಹಾಜರಾದಳು. ಡಾಕ್ಟ್ರು ತೋಳು ಮಡಚಿಕೊಂಡು, ಟಾರ್ಚು ಹಿಡಿದು ಒಳಗೆ ಬಂದಾಗ ಪರದೆಯ ಮೇಲೆ ಅಧ್ಯಾಪಕಿ ಕಣ್ಣಿನ ಚಿತ್ರ ಬಿಡಿಸುತ್ತಿದ್ದಳು.

"ಸರಿಹೋಯ್ತಾ?" ಎಂದರು ಡಾಕ್ಟ್ರು.

"ಹೂಂ."

"ತಾನಾಗೇ?"

ಡಾಕ್ಟ್ರು ಟಾರ್ಚನ್ನು ಒಮ್ಮೆ ಹತ್ತಿಸಿ, ಆರಿಸಿ, ಹೊರಟುಹೋದರು.

ಪಾಠ ಮುಗಿದ ಮೇಲೆ ಅವಳು ಅತ್ತೆಯ ಹತ್ತಿರ ಹೋದಳು. "ಅತ್ತೆ, ಬೆಳಿಗ್ಗೆ ನಾನು ಏಳೋ ಮುಂಚೆ ಹಿಂದಿನ ಕೋಣೆಗೆ ಯಾರು ಹೋಗ್ತಾರೆ?"

"ಇನ್ಯಾರು? ನಿನ್ನ ಗಂಡ. ನಿನಗೆ ಪಾಠ ಇರೋ ದಿನ ಎಷ್ಟೋ ಸಲ ಕೋಳಿಗಿಂತ ಮುಂಚೆ ಏಳ್ತಾನೆ. ಆ ಪೆಟ್ಟಿಗೆ ಮುಂದೆ ಕೂತು ಒರೆಸ್ತಾ ಇರ್ತಾನೆ. ಹೆಂಡತಿ ಕೂರೋ ಜಾಗ ಅಂತ ಇಷ್ಟೊಂದು ಮಾಡಬೇಕೇನೋ ಗುಲಾಮ ಅಂತ ನಾನೇ ಎಷ್ಟು ಸಲ ಬೈದ್ಕೊಂಡಿದೀನಿ." ಅತ್ತೆ ಸೊಸೆಯ ಮುಖವನ್ನು ಮೊದಲು ಬರಿಗಣ್ಣಿನಲ್ಲಿ, ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ಯಾಕೇ? ಏನಾಯ್ತು?"

"ಏನಿಲ್ಲ ಅತ್ತೆ."

ಕತ್ತಲೆ ಕೋಣೆಯಲ್ಲಿ ಆಗ ಗಿರಾಕಿಗಳಿರಲಿಲ್ಲ. ಡಾಕ್ಟ್ರು ಮಸೂರದ ಪೆಟ್ಟಿಗೆಯನ್ನು ಜೋಡಿಸುತ್ತಿದ್ದರು. ಅಕ್ಕ ಒಳಗೆ ಬಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತಳು. ಅಷ್ಟು ವರ್ಷಗಳಲ್ಲಿ ಅವಳು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ಪರದೆ ಯಾಕೆ ಒರೆಸಿದ್ರಿ?"

"ಪುಡಿ ಕೂತಿತ್ತು."

"ಪಾಠ ಇಲ್ಲದ ದಿನ ಕೂರಲ್ವಾ?"

ಡಾಕ್ಟ್ರ ಕೈಯಲ್ಲಿದ್ದ ಮಸೂರ ಅದರ ಗೂಡಿಗೆ ಹೋಗದೆ ಪಕ್ಕದ ಗೂಡಿಗೆ ಹೋಯಿತು. ಅದನ್ನು ತೆಗೆದು ಸರಿಯಾದ ಗೂಡಿಗೆ ಹಾಕಿದರು. ಆಮೇಲೆ ಹೇಳಿದರು, ಹೇಳಿದ್ದನ್ನು ಬಹಳ ಸಲ ಮನಸ್ಸಿನಲ್ಲೇ ಹೇಳಿಕೊಂಡವರ ಹಾಗೆ ಒಂದೇ ಉಸಿರಿಗೆ. ಮೊದಲ ಸಲ ಅದು ತಾನಾಗಿಯೇ ಕೆಟ್ಟದ್ದಂತೆ. ಅದರ ಹಿಂದಿನ ದಿನವೇ ಒಬ್ಬ ಅಜ್ಜಿ ಬಂದು, ಗದ್ದವನ್ನು ಆಸರೆಯ ಮೇಲಿಡಲು ಒಪ್ಪದೆ, "ಅಕ್ಕ ಯಾವಾಗಿಂದ ಕಣ್ಣು ನೋಡ್ತಾರೆ? ಆಗಲೇ ಬರ್ತೀನಿ ಬಿಡಪ್ಪ" ಎಂದು ಎದ್ದು ಹೋಗಿದ್ದಳಂತೆ. ಅಡಾಪ್ಟರ್ ಕೆಟ್ಟಾಗ ತಮಗೆ ಹಾಯೆನಿಸಿತಂತೆ. ಮುಂದಿನ ಸಲ ಆ ಹಾಯನ್ನು ತಾವೇ ತಂದುಕೊಂಡರಂತೆ. ಪಟ್ಟಿಯಿಂದ ಒಂದು ತಪ್ಪು ಡ್ರೈವರು ಆರಿಸಿ, ಮುಚ್ಚಿ, ಬಂದು ಮಲಗಿದರೆ ಆಯಿತು.

"ಆಮೇಲೆ ಟೇಬಲ್ ಕೆಳಗೆ ನುಗ್ತಿದ್ರಿ."

"ಸುಮ್ನೆ ನಿಂತ್ರೆ ನೀನು ಏನಂದ್ಕೊಳ್ತೀಯ?"

"ನಾನು ಟಾರ್ಚ್ ಹಿಡಿದೆನಲ್ರೀ." ಅಕ್ಕನ ಧ್ವನಿ ಏರಲಿಲ್ಲ, ಒಂದು ಕಡೆ ಸವೆದುಹೋದ ಹಾಗಿತ್ತು. "ಚಹಾ ತಂದುಕೊಟ್ಟೆ. ನಿಮ್ಮ ಕಾಲು ನೋಡಿ ಅಳು ಬರ್ತಿತ್ತು ನನಗೆ. ಬೇಡ ಅಂದಿದ್ರೆ ಬಿಡ್ತಿದ್ದೆ. ಒಂದು ಮಾತು ಬೇಡ ಅನ್ನೋಕೆ ನಿಮ್ಮಿಂದ ಆಗ್ಲಿಲ್ವಾ?"

"ಬೇಡ ಅಂದ್ರೆ ಜನ ಏನಂತಾರೆ? ನಾನೇ ಸೇರಿಸಿದ್ದು ಅಂತ ಎಲ್ಲರಿಗೂ ಹೇಳಿದೀನಿ." ಡಾಕ್ಟ್ರು ಮಸೂರದ ಪೆಟ್ಟಿಗೆ ಮುಚ್ಚಿ ಸೇರಿಸಿದರು: "ನೀನು ಪಾಸಾದ್ರೆ ಈ ಕೋಣೆ ನಿಂದಾಗುತ್ತೆ. ಆಮೇಲೆ ನಾನೇನು ಮಾಡ್ಲಿ? ಹಿಂದೆ ಕೂತು ಗಾಜು ಉಜ್ಜಲಾ?"

"ನಾನು ಉಜ್ಜಿಲ್ವಾ?"

ಸಿಕ್ಕಿಬಿದ್ದ ಗಂಡಸರು ಮಾಡುವುದನ್ನೇ ಡಾಕ್ಟ್ರೂ ಮಾಡಿದರು: ಕೈ ಮುಗಿದರು, ಕಣ್ಣಲ್ಲಿ ನೀರು ತಂದುಕೊಂಡರು. ಆ ನೀರು ಸುಳ್ಳಲ್ಲ. ಇನ್ನು ಮೇಲೆ ಆ ಕಂಪ್ಯೂಟರನ್ನು ಮುಟ್ಟುವುದಿಲ್ಲ ಅಂದರು. ಪರೀಕ್ಷೆಯ ದಿನ ಅಂಗಡಿಯನ್ನೇ ತೆರೆಯುವುದಿಲ್ಲ, ಬಾಗಿಲಲ್ಲಿ ಕಾವಲು ನಿಲ್ಲುತ್ತೇನೆ ಅಂದರು. ಅಕ್ಕ ನಂಬಿದಳೋ, ನಂಬದೆ ಬೇರೆ ದಾರಿಯಿರಲಿಲ್ಲವೋ, ಅಂತೂ ಎದ್ದು ಹೋಗಿ ಯಂತ್ರದ ಮುಂದೆ ಕೂತಳು. ಅತ್ತೆಗೆ ಏನೂ ಹೇಳಲಿಲ್ಲ.

ಉಳಿದ ಪಾಠಗಳು ಒಂದೂ ತಪ್ಪಲಿಲ್ಲ. ಪ್ರತಿ ಬೆಳಿಗ್ಗೆ ಪರದೆಯ ಮೇಲೆ ಬಿಳಿ ಪುಡಿ ದಟ್ಟವಾಗಿ ಕೂತಿರುತ್ತಿತ್ತು. ಅಷ್ಟು ಕೊಳೆಯನ್ನು ನೋಡಿ ಸಮಾಧಾನಪಟ್ಟ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿರಲಾರಳು.

ಪರೀಕ್ಷೆ ಬಂತು. ಬಾಯಿಮಾತಿನ ಪರೀಕ್ಷೆ, ಪರೀಕ್ಷಕರು ಪರದೆಯ ಮೇಲೆ ಕೂತು ಪ್ರಶ್ನೆ ಕೇಳುತ್ತಾರೆ. ಹೊತ್ತಿಗೆ ಸರಿಯಾಗಿ ಒಳಗೆ ಹೋಗದವರಿಗೆ ಬಾಗಿಲು ಮುಚ್ಚುತ್ತದೆ. ಅಕ್ಕ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು ಹಿಂಬದಿ ಕೋಣೆಗೆ ಬಂದಳು. ಕುರ್ಚಿ ಎಳೆದಳು. ಕಪ್ಪು ಪರದೆಯಲ್ಲಿ ಒಳ್ಳೆಯ ಸೀರೆಯೂ ಅದರ ಮೇಲಿನ ಮುಖವೂ ಸ್ಪಷ್ಟವಾಗಿ ಕಂಡವು.

ಕಂಪ್ಯೂಟರು ಎದ್ದಿತು. ಈ ಸಲ ಕೋಡ್ ಹತ್ತು ಅಲ್ಲ. "ಈ ಸಾಧನಕ್ಕೆ ಡ್ರೈವರ್ ಇಲ್ಲ" ಎಂದಿತು. ಅಕ್ಕ ಪಟ್ಟಿ ತೆರೆದಳು. ಪಟ್ಟಿ ಬರಿದಾಗಿತ್ತು.

"ರೀ!"

ಡಾಕ್ಟ್ರು ಬಾಗಿಲಲ್ಲೇ ಇದ್ದರು. ಮಾತು ಕೊಟ್ಟಂತೆ ಕಾವಲಿಗೆ.

"ಮುಟ್ಟಲ್ಲ ಅಂದಿದ್ರಿ."

"ಮುಟ್ಟಬಾರದು ಅಂತಾನೇ ಮುಟ್ಟಿದೆ." ಡಾಕ್ಟ್ರ ಮುಖ ಸುಣ್ಣವಾಗಿತ್ತು. "ಬೆಳಿಗ್ಗೆ ಎದ್ದೆ. ಆ ತಪ್ಪು ಡ್ರೈವರುಗಳು ಅಲ್ಲಿರೋವರೆಗೂ ನನಗೆ ನನ್ನ ಮೇಲೇ ನಂಬಿಕೆ ಇಲ್ಲ ಅನ್ನಿಸ್ತು. ಎಲ್ಲಾ ಅಳಿಸಿಬಿಟ್ರೆ ಮತ್ತೆ ಮಾಡೋಕೇ ಆಗಲ್ವಲ್ಲ ಅಂತ... ಹೆಸರು ಎಲ್ಲಾ ಒಂದೇ ಥರ ಇದ್ವು. ಸರಿಯಾದ್ದು ಯಾವುದು ಅಂತ..."

"ಸರಿಯಾದ್ದನ್ನೂ ಅಳಿಸಿದ್ರಿ."

"ಬೇಕು ಅಂತ ಅಲ್ಲ. ನಿನ್ನಾಣೆ."

ಅವರು ಹೇಳಿದ್ದು ನಿಜ. ಪಶ್ಚಾತ್ತಾಪದಿಂದಲೇ ಅಳಿಸಿದ್ದರು. ಇದನ್ನು ನಂಬಬಲ್ಲವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಅಳಿಸಿದವರು. ಅಕ್ಕ ಗಂಡನ ಮುಖ ನೋಡಲಿಲ್ಲ. ಡ್ರೈವರ್ ಬೇಕಾದರೆ ನೆಟ್ಟಿನಿಂದ ಇಳಿಸಬೇಕು. ನೆಟ್ಟು ಬರಬೇಕಾದರೆ ಡ್ರೈವರ್ ಬೇಕು. ಅವಳು ಫೋನು ಎತ್ತಿ ರೀಸ್ಟಾರ್ಟನನ್ನು ಕರೆದಳು.

"ಅಕ್ಕ, ಒಂದ್ಸಲ ರೀ..."

"ಪೆನ್‌ಡ್ರೈವಲ್ಲಿ ಹಾಕ್ಕೊಂಡು ಓಡಿ ಬಾಪ್ಪ. ಇವತ್ತು ನನ್ನ ಪರೀಕ್ಷೆ."

ಅವನು ನಿಜವಾಗಿಯೂ ಓಡಿ ಬಂದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಷ್ಟರಲ್ಲಿ ಗದ್ದಲ ಕೇಳಿ ಅತ್ತೆಯೂ ಒಳಗೆ ಬಂದಿದ್ದರು. ಸೊಸೆ ಹೇಳದ ಮಾತನ್ನೆಲ್ಲ ಮಗನ ಮುಖದ ಮೇಲೆ ಓದಿಕೊಂಡು, ಇಷ್ಟು ದಿನ ಬೆಳಗಿನ ಜಾವ ಕಂಡದ್ದನ್ನು ಅದಕ್ಕೆ ಕೂಡಿಸಿದರು.

"ಇದಕ್ಕೇನೋ ನೀನು ಒರೆಸ್ತಾ ಇದ್ದದ್ದು?"

"ಅಮ್ಮಾ, ನೀನು ಸುಮ್ನಿರು. ನೀನೇ ತಾನೇ ಮೊದಲಿಂದ ಬೇಡ ಅಂದಿದ್ದು?"

"ನಾನು ಬೇಡ ಅಂತ ಬಾಯಲ್ಲಿ ಅಂದೆ ಕಣೋ. ನೀನು ಬಾಯಲ್ಲಿ ಹೂಂ ಅಂದು ಕೈಯಲ್ಲಿ ಬೇಡ ಅಂದೆ. ನಿನ್ನ ಅಪ್ಪನೂ ಇಷ್ಟು ನಾಜೂಕಾಗಿ ಮೋಸ ಮಾಡಿರ್ಲಿಲ್ಲ. ಮಾಡಿದ್ದು ಗೊತ್ತಾಗೋ ಹಾಗೆ ಮಾಡ್ತಿದ್ರು."

ರೀಸ್ಟಾರ್ಟ್ ಕಿವಿ ಕೇಳದವನ ಹಾಗೆ ಕೆಲಸ ಮುಂದುವರಿಸಿದ. ಡ್ರೈವರ್ ಕೂರಿಸಿದ, ತನ್ನ ಹೆಸರಿಗೆ ತಕ್ಕ ಹಾಗೆ ಕಂಪ್ಯೂಟರನ್ನು ಮತ್ತೆ ಶುರು ಮಾಡಿದ. ಅಡಾಪ್ಟರಿನ ದೀಪ ಹಸಿರಾಗಿ ಮಿಣುಕಿತು. ಪರೀಕ್ಷೆಯ ಪುಟ ತೆರೆಯಿತು. "ಪ್ರವೇಶದ ಅವಧಿ ಮುಗಿದಿದೆ" ಎಂದು ಅದರ ಮೇಲಿತ್ತು.

ಅಕ್ಕ ಸಂಸ್ಥೆಗೆ ಫೋನು ಮಾಡಿದಳು. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆ ಮಾತಾಡಿದವನು ಕೆಟ್ಟವನಲ್ಲ, ನಿಯಮ ಓದಿಕೊಂಡವನು ಅಷ್ಟೇ.

"ಮೇಡಂ, ಯಂತ್ರದ ತೊಂದರೆ ಅಂದ್ರೆ ನಾವು ಒಪ್ಪಲ್ಲ. ಎಲ್ಲರೂ ಅದನ್ನೇ ಹೇಳ್ತಾರೆ. ಒಂದು ವೇಳೆ ಯಾರಾದ್ರೂ ನಿಮ್ಮನ್ನ ಪರೀಕ್ಷೆಗೆ ಕೂರದ ಹಾಗೆ ಮಾಡಿದ್ರೆ ಅದು ಬೇರೆ. ಅವರೇ ಫೋನಿಗೆ ಬಂದು ಒಂದು ಮಾತು ಹೇಳಲಿ, ಮಧ್ಯಾಹ್ನ ಮತ್ತೊಂದು ಹೊತ್ತು ಕೊಡ್ತೀವಿ. ಅಂಥದ್ದೇನಾದ್ರೂ ಆಗಿದೆಯಾ?"

ಅಕ್ಕ ಫೋನನ್ನು ಎತ್ತಿ ಗಂಡನ ಕಡೆ ಹಿಡಿದಳು. ಒಂದು ಮಾತು ಸಾಕಿತ್ತು. ಗುರುತು ಪರಿಚಯವಿಲ್ಲದ, ಮುಖವೂ ಕಾಣದ ಒಬ್ಬ ಗುಮಾಸ್ತನಿಗೆ "ಹೌದು, ನಾನೇ" ಅನ್ನಬೇಕಿತ್ತು.

ಡಾಕ್ಟ್ರು ಫೋನು ತೆಗೆದುಕೊಂಡರು. ಅತ್ತೆ ಅವರನ್ನೇ ನೋಡುತ್ತಿದ್ದರು. ರೀಸ್ಟಾರ್ಟ್ ತನ್ನ ಬರಿಗಾಲನ್ನು ನೋಡುತ್ತಿದ್ದ.

"ನಮಸ್ಕಾರ ಸಾರ್" ಎಂದರು ಡಾಕ್ಟ್ರು. "ನಾನು ಅವಳ ಗಂಡ. ಇಲ್ಲೇ ಕಣ್ಣಿನ ಅಂಗಡಿ ಇದೆ ನಮ್ಮದು. ಅವಳನ್ನ ಸೇರಿಸಿದ್ದೂ ನಾನೇ."

"ಹೇಳಿ ಸಾರ್."

ಡಾಕ್ಟ್ರು ಜೇಬಿಗೆ ಕೈ ಹಾಕಿ, ಹಳದಿ ಬಟ್ಟೆಗೆ ತಡಕಾಡಿ, ಬರಿಗೈ ತೆಗೆದರು.

"ಯಾರೂ ಏನೂ ಮಾಡಿಲ್ಲ ಸಾರ್. ಅಡಾಪ್ಟರಿಂದೇ ತೊಂದರೆ. ಬಹಳ ದಿನದಿಂದ ಹೀಗೇ."

ಆ ಕಡೆಯವನು ಸಹಾನುಭೂತಿ ತಿಳಿಸಿ ಫೋನಿಟ್ಟ. ಅಕ್ಕ ಎದ್ದು, ಒಳ್ಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಜ್ಜುವ ಯಂತ್ರದ ತಂತಿಯನ್ನು ಗೋಡೆಯಿಂದ ಕಿತ್ತು ಸುತ್ತಿಟ್ಟಳು. ಅಳತೆಯ ಪಟ್ಟಿ, ಸಣ್ಣ ಇಕ್ಕಳ, ತಿರುಪಿನ ಡಬ್ಬಿ, ಇವು ಅವಳವು, ಚೀಲಕ್ಕೆ ಹಾಕಿಕೊಂಡಳು. ಗಂಡನ ಪಕ್ಕದಲ್ಲೇ ಹಾದು ಹೋದಳು. ಡಾಕ್ಟ್ರು ಸರಿದು ದಾರಿ ಬಿಟ್ಟರು.

"ಎಲ್ಲಿಗೇ?" ಎಂದರು ಅತ್ತೆ.

"ಕೆಲಸಕ್ಕೆ ಅತ್ತೆ."

ಅಕ್ಕ ಈಗ ಮುಂದಿನ ಬೀದಿಯ ಇನ್ನೊಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಸಂಜೆ ಮನೆಗೆ ಬರುತ್ತಾಳೆ, ಅತ್ತೆಯ ಜೊತೆ ಮಾತಾಡುತ್ತಾಳೆ. ಅತ್ತೆ ತಮ್ಮ ಹೊಸ ಕನ್ನಡಕವನ್ನು ಆ ಅಂಗಡಿಯಲ್ಲೇ ಮಾಡಿಸಿಕೊಂಡರು. ಡಾಕ್ಟ್ರು ಗಾಜುಗಳನ್ನು ಹೊರಗೆ ಕೊಟ್ಟು ಉಜ್ಜಿಸುತ್ತಾರೆ. ಮನೆಯಲ್ಲಿ ಕೂತು ಓದುವ ತರಬೇತಿ ನಿಂತುಹೋಗಿದೆ. ನೆಟ್‌ವರ್ಕ್ ಅಡಾಪ್ಟರ್ ಸರಿಯಾಗಿ ಕೆಲಸ ಮಾಡುತ್ತಿದೆ.